ಐಸ್‌ಕ್ಯಾಂಡಿಯ ಮಾತು

"ಐಸ್‌ಕ್ಯಾಂಡಿ ಕೊಡಿಸ್ತೀನಿ, ಬಾ" ಎನ್ನುತ್ತಾ ಅತ್ತೆ ಸುಗ್ರಾಬಾಯಿ ಏಳು ವರ್ಷದ ಮೊಮ್ಮಗಳ ಚಪ್ಪಲಿಯ ಬಕಲ್ ಹಾಕುತ್ತಿದ್ದಾಗ ಮುನೀರಾ ಬಾಗಿಲಿಗೆ ಅಡ್ಡ ನಿಂತಳು. ಅವಳನ್ನೂ ಏಳನೇ ವರ್ಷಕ್ಕೆ ಇದೇ ಆಸೆ ತೋರಿಸಿ, ಹೆಣ್ಣುಮಕ್ಕಳ ಗುಪ್ತಾಂಗದ ಚರ್ಮ ಕತ್ತರಿಸಿ ಖತ್ನಾ ಮಾಡುವ ಹೆಂಗಸಿನ ಬ್ಲೇಡಿನ ಮುಂದೆ ಮಲಗಿಸಿದ್ದರು. ಆವತ್ತಿನಿಂದ ಮೂತ್ರಕ್ಕೆ ಹೋದರೆ ಉರಿ. ಆ ಉರಿಗೆ ಹೆದರಿ ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು.

"ಇವಳಿಗೆ ಖತ್ನಾ ಬೇಡ ಅತ್ತೆ. ನನ್ನ ಉರಿಗೆ ಆ ಗಾಯವೇ ಕಾರಣ ಅಂತ ನಿನ್ನೆ ಪೀಣ್ಯದ ಡಾಕ್ಟರಮ್ಮ ಹೇಳಿದ್ರು."

"ಉರಿ ಯಾವ ಹೆಂಗಸಿಗಿಲ್ಲ? ಅದಕ್ಕೂ ಡಾಕ್ಟರಾ?"

"ಮನೆ ಓನರ್ ಅಂಜಿನಮ್ಮನ್ನ ಕೇಳ್ದೆ. ಅವರಲ್ಲಿ ಖತ್ನಾ ಇಲ್ವಲ್ಲ. ಆರು ಮಕ್ಕಳನ್ನ ಹೆತ್ತಿದ್ದಾರೆ. ಒಂದಿನಾನೂ ಉರಿದಿಲ್ವಂತೆ."

ಬಕಲಿನ ಮೇಲೆ ಸುಗ್ರಾಬಾಯಿಯ ಬೆರಳು ನಿಂತುಬಿಟ್ಟಿತು. "ಒಂದಿನಾನೂ ಇಲ್ವಾ?" ಐವತ್ತು ವರ್ಷದಿಂದ ಯಾರನ್ನೂ ಕೇಳದೇ ಇದ್ದ ಪ್ರಶ್ನೆ ಅದು.

"ಒಂದಿನಾನೂ ಇಲ್ಲ."

ಸುಗ್ರಾಬಾಯಿ ಬಕಲ್ ಬಿಚ್ಚಲಿಲ್ಲ. ಇನ್ನೊಂದು ಕಾಲಿನದನ್ನೂ ಬಿಗಿದು, ಮಗುವಿನ ಕೈ ಹಿಡಿದು ಎದ್ದರು. ಮುನೀರಾ ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ದಾರಿ ಬಿಡೇ. ಐಸ್‌ಕ್ಯಾಂಡಿ ಅಂದ್ಮೇಲೆ ಐಸ್‌ಕ್ಯಾಂಡೀನೇ ಕೊಡಿಸ್ತೀನಿ, ಇನ್ನೇನೂ ಇಲ್ಲ," ಎಂದರು ಸುಗ್ರಾಬಾಯಿ. "ನೀನೂ ಹೊರಡು. ಬರ್ತಾ ಆ ಡಾಕ್ಟರಮ್ಮನಿಗೆ ನನ್ನನ್ನೂ ತೋರಿಸುವಿಯಂತೆ."