ಸವೆದ ಹೆಬ್ಬೆರಳು

ಏಸಿ ಮೆಕ್ಯಾನಿಕ್ ಎಷ್ಟು ಸಲ ಹೆಬ್ಬೆರಳು ಒತ್ತಿದರೂ ಡೇಟಾ ಸೆಂಟರಿನ ಬಾಗಿಲು ಕೆಂಪು ದೀಪವನ್ನೇ ತೋರಿಸಿತು. ಒಳಗೆ ಏಸಿ ನಿಂತು ಸರ್ವರುಗಳೆಲ್ಲ ಕಾದ ಹೆಂಚಾಗುತ್ತಿದ್ದವು. ರಿಪೇರಿ ಮಾಡಬೇಕಾದವನೇ ಹೊರಗೆ.

"ಬೆರಳಿನ ಗೆರೆ ಸವೆದಿದೆ," ಎಂದಳು ಬಾಗಿಲ ಬಳಿಯ ಸೆಕ್ಯುರಿಟಿಯಾಕೆ. ನಿಯಮ ಅಂದರೆ ಪ್ರಾಣ ಬಿಡುವ ಹೆಂಗಸು. "ಯಾಕೆ ಸವೆದಿದೆ ಅಂತ ನೀವು ಹೇಳ್ಬೇಕು. ಮನೆಗೆ ಫೋನ್ ಮಾಡ್ತೀನಿ, ಅವರೂ ಅದನ್ನೇ ಹೇಳ್ಬೇಕು. ಆಮೇಲೇ ಬಾಗಿಲು."

ಮೆಕ್ಯಾನಿಕ್ ಹಿಂದೆ ತಿರುಗಿ ನೋಡಿದ. ಒಳಗೆ ಹೋಗಲು ಮ್ಯಾನೇಜರ್ ಸಮೇತ ಅರ್ಧ ಆಫೀಸೇ ಸಾಲುಗಟ್ಟಿ ನಿಂತಿತ್ತು. ಮನೆಯಲ್ಲಿ ತಾನು ಕೂತಲ್ಲಿಂದ ಏಳುವುದೇ ಇಲ್ಲವೆಂದು ದಿನಾ ಊಟದ ಹೊತ್ತಿಗೆ ಇವರ ಮುಂದೆಯೇ ಕೊಚ್ಚಿಕೊಂಡಿದ್ದ.

"ತೋಟದ ಕೆಲಸ ಮಾಡ್ತೀನಿ."

"ತೋಟ ಇದೆಯಾ?"

"ಒಂದು ಕುಂಡ ಇದೆ."

"ಕುಂಡಕ್ಕೆಲ್ಲ ಬೆರಳು ಸವೆಯಲ್ಲ. ನಿಜ ಹೇಳಿ."

ಒಳಗೆ ಅಲಾರಂ ಬಡಿದುಕೊಳ್ಳತೊಡಗಿತು. ಮೆಕ್ಯಾನಿಕ್ ನಾಚಿಕೆಯಿಂದ ಹಿಡಿಯಷ್ಟಾದ. "ಪಾತ್ರೆ ತೊಳೀತೀನಿ. ಎರಡು ಹೊತ್ತೂ. ಸ್ಟೀಲ್ ನಾರಲ್ಲಿ ತಿಕ್ಕಿ ತಿಕ್ಕಿ."

ಹಿಂದೆ ನಗು ಸಿಡಿಯಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮ್ಯಾನೇಜರ್. ಸೆಕ್ಯುರಿಟಿಯಾಕೆ ಮಾತ್ರ ನಗಲಿಲ್ಲ. ಅವನ ಮನೆಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ನಿಮ್ಮ ಯಜಮಾನ್ರು ಮನೇಲಿ ಏನು ಕೆಲಸ ಮಾಡ್ತಾರಮ್ಮ?"

"ಅವರಾ? ಅಯ್ಯೋ, ಕೂತಲ್ಲಿಂದ ಏಳಲ್ಲ ಕಣ್ರೀ. ಕುಡಿದ ಲೋಟಾನೂ ಎತ್ತಿಡಲ್ಲ," ಎಂದು ಹೆಂಡತಿ ಗಂಡನ ಮಾನ ಕಾಪಾಡಿದಳು.

"ಉತ್ತರ ತಾಳೆ ಆಗ್ಲಿಲ್ಲ," ಎಂದು ಸೆಕ್ಯುರಿಟಿಯಾಕೆ ಫೋನ್ ಇಡಹೊರಟಳು.

"ಲೇ, ನಿಜ ಹೇಳೇ!" ಮೆಕ್ಯಾನಿಕ್ ಗಂಟಲು ಹರಿಯುವಂತೆ ಕೂಗಿದ. "ಪಾತ್ರೆ ಯಾರೇ ತೊಳೆಯೋದು?"

ಹೆಂಡತಿ ರೇಗಿದಳು. "ನೀವೇ ಅಲ್ವೇನ್ರೀ, ಯಾರು ಕೇಳಿದ್ರೂ ಹೀಗೇ ಹೇಳು ಅಂದಿದ್ದು? ನಾನು ತೊಳೆದ್ರೆ ಜಿಡ್ಡು ಹೋಗಲ್ಲ ಅಂತ ಸಿಂಕ್ ಹತ್ರಾನೂ ಬಿಟ್ಕೊಳ್ಳಲ್ಲ. ಈಗ ನೋಡಿದ್ರೆ ನನ್ನ ಮೇಲೇ ಕೂಗಾಡ್ತೀರ!"

ಸೆಕ್ಯುರಿಟಿಯಾಕೆ ಗುಂಡಿ ಒತ್ತಿದಳು. ಬಾಗಿಲು ತೆರೆಯುತ್ತಲೇ ಮೆಕ್ಯಾನಿಕ್ ಬಿದ್ದಂಬೀಳ ಒಳಗೆ ಓಡಿದ.

"ಅಲ್ಲಿ ಬೇರೆ ಯಾರೂ ಕೇಳಿಸ್ಕೊಳ್ಳಲಿಲ್ಲ ತಾನೆ?" ಸ್ಪೀಕರಿನ ದನಿ ಈಗ ಆತಂಕದಿಂದ ಕೇಳಿತು.

ಸೆಕ್ಯುರಿಟಿಯಾಕೆ ಫೋನ್ ಇಟ್ಟು ಸಾಲಿನ ಕಡೆ ನೋಡಿದಳು. "ಹ್ಞೂಂ, ಮುಂದಿನವರು ಬನ್ನಿ."

ಮುಂದಿದ್ದ ಮ್ಯಾನೇಜರ್ ತಮ್ಮ ಹೆಬ್ಬೆರಳನ್ನು ಮೆಲ್ಲಗೆ ಪ್ಯಾಂಟಿನ ಜೇಬಿಗೆ ಇಳಿಸಿದರು.