ತಕ್ಕಡಿ ಗುರುತಿನ ಪೆಟ್ಟಿಗೆ

ಮೈದಾ ಅಂಟಿನ ವಾಸನೆ ಮೂಗಿಗೆ ಬಡಿದೊಡನೆ ಸೇತುರಾಮನಿಗೆ ಬಿನ್ನಿಪೇಟೆಯ ಬಾಲ್ಯ ನೆನಪಾಯಿತು. ಮಿಲ್ಲಿನಿಂದ ಬರುತ್ತಿದ್ದ ಅಪ್ಪನ ಅಂಗಿಯಲ್ಲಿ ಇಂಥದೇ ಗಂಜಿಯ ವಾಸನೆ ಇರುತ್ತಿತ್ತು. ಈಗ ಅದು ಬರುತ್ತಿದ್ದುದು ಮತ ಎಣಿಕೆಯ ಕೋಣೆಯ ಕಬ್ಬಿಣದ ಪೆಟ್ಟಿಗೆಗಳಿಂದ. 1952ರ ಆ ಚುನಾವಣೆಯಲ್ಲಿ ಅಭ್ಯರ್ಥಿಗೊಂದು ಪೆಟ್ಟಿಗೆ, ಅದಕ್ಕೆ ಅಂಟಿಸಿದ ಒಂದು ಗುರುತು. ಪರದೆಯ ಹಿಂದೆ ಹೋಗಿ, ಬೇಕಾದವರ ಪೆಟ್ಟಿಗೆಗೆ ಓಟಿನ ಚೀಟಿ ಹಾಕಿ ಬಂದರಾಯಿತು. ಏಣಿ, ನಾಯಂಡಹಳ್ಳಿಯ ಮಂಡಿ ಸಾಹುಕಾರ ದೊಡ್ಡಹನುಮಯ್ಯನದು. ತಕ್ಕಡಿ, ಸೇತುರಾಮನದು.

ಅರ್ಥಶಾಸ್ತ್ರದಲ್ಲಿ ಆನರ್ಸ್ ಮಾಡಿ, ಆರು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ, ದೇಶಕ್ಕೆ ತನ್ನ ಅಗತ್ಯ ತುರ್ತಾಗಿದೆಯೆಂದು ತಾನೇ ಕಂಡುಕೊಂಡು ರಾಜೀನಾಮೆ ಕೊಟ್ಟವನು ಅವನು. ಸಾಹುಕಾರ ಜೀಪಿನಲ್ಲಿ ಸುತ್ತಿದರೆ ಇವನು ಎತ್ತಿನ ಗಾಡಿಯಲ್ಲಿ ಕರಿಹಲಗೆ ಹೇರಿಕೊಂಡು ಹೋದ. ಕುರುಬರಹಳ್ಳಿಯ ಅರಳಿಕಟ್ಟೆಯಲ್ಲಿ ತಲಾ ಆದಾಯದ ನಕ್ಷೆ ಬರೆದು ಎರಡು ಗಂಟೆ ವಿವರಿಸಿದ. ಜನ ಕದಲಲಿಲ್ಲ. ಕೆಲವರು ಕೂತಲ್ಲೇ ನಿದ್ದೆಯನ್ನೂ ಮುಗಿಸಿದರು. ಅದನ್ನೇ ಅವನು ಬೆಂಬಲವೆಂದು ತಿಳಿದ.

ಕುರುಬರಹಳ್ಳಿಯ ತಕ್ಕಡಿ ಪೆಟ್ಟಿಗೆ ತೆರೆದಾಗ ಕಾಗದ ಉಕ್ಕಿ ಬಂತು.

"ಗೆದ್ದೆ ಕಣೋ!" ಎಂದ, ಕಾಲೇಜಿನ ಗೆಳೆಯನೂ ಅವನ ಏಜೆಂಟನೂ ಆದ ವೆಂಕಟಗಿರಿ.

ಬೇರ್ಪಡಿಸಿ ನೋಡಿದರೆ ಓಟು ಹನ್ನೊಂದು. ಉಳಿದ ಅರವತ್ತಮೂರೂ ಅರ್ಜಿಗಳು. ಬಾವಿ ತೋಡಿಸಿ, ಮಗಳಿಗೊಂದು ಗಂಡು ನೋಡಿ, ಎಮ್ಮೆ ಕಳೆದಿದೆ ಹುಡುಕಿಸಿ. ಯಾರೋ ಒಬ್ಬರು ಇಂಗ್ಲಿಷಿನ ಸರ್ಕಾರಿ ನೋಟೀಸನ್ನೇ ಮಡಿಸಿ ತೂರಿಸಿದ್ದರು. ಮಿಕ್ಕ ಊರುಗಳ ಪೆಟ್ಟಿಗೆಗಳೂ ಇದಕ್ಕಿಂತ ಉದಾರವಾಗಿರಲಿಲ್ಲ.

"ಇವು ಲೆಕ್ಕಕ್ಕಿಲ್ಲ ಸಾರ್. ನಿಮ್ಮ ಟಪಾಲು, ನೀವೇ ಇಟ್ಕೊಳಿ," ಎಂದು ಅಧಿಕಾರಿ ಕಟ್ಟನ್ನು ಇತ್ತ ತಳ್ಳಿದ.

ವೆಂಕಟಗಿರಿ ಭುಜ ತಟ್ಟಿದ. "ಪ್ರಿನ್ಸಿಪಾಲರು ನಿನ್ನ ರಾಜೀನಾಮೆ ಇನ್ನೂ ಡ್ರಾಯರ್‌ನಲ್ಲೇ ಇಟ್ಟಿದಾರೆ. ಸೋಮವಾರದ ಕ್ಲಾಸು ನಿನಗೇ."

"ಸೋಲ್ತೀನಿ ಅಂತ ಅವರಿಗೆ ಮೊದಲೇ ಗೊತ್ತಿತ್ತಾ?"

"ಒಂದ್ಸಲ ನಿನ್ನ ಭಾಷಣ ಕೇಳಕ್ಕೆ ಬಂದಿದ್ರಲ್ಲೋ."

ಹೊರಗೆ ಮೆಟ್ಟಿಲ ಮೇಲೆ ಕುರುಬರಹಳ್ಳಿಯ ಮುನಿತಾಯಮ್ಮ ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು.

"ಮೇಷ್ಟ್ರೇ, ನನ್ ಕಾಗ್ದ ಸಿಕ್ತಾ? ಆ ಇಂಗ್ಲೀಸಿಂದು?"

"ಸಿಕ್ತು. ಓಟು ಎಲ್ಲಮ್ಮ?"

"ಅದು ಸಾವ್ಕಾರ್ರಿಗೆ. ಜೀಪಲ್ಲಿ ಕರ್ಕಂಡು ಬಂದ್ರು, ಪಾಪ."

"ಹಂಗಿದ್ರೆ ಕಾಗದಾನೂ ಅವರ ಪೆಟ್ಟಿಗೆಗೇ ಹಾಕೋದಲ್ವಾ?"

"ಅವ್ರಿಗೆಲ್ಲಿ ಓದಕ್ಕೆ ಬತ್ತದೆ?" ಮುದುಕಿಗೆ ನಗು ಬಂತು. "ಹಲಗೆ ತಂದೋರು ನೀವಲ್ವಾ!"

ಅವನು ನೋಟೀಸು ಬಿಡಿಸಿದ. ಅವಳ ರಾಗಿ ಹೊಲ ಹೊಸ ಬಡಾವಣೆಗೆ ಬೇಕಾಗಿತ್ತು. ಆಕ್ಷೇಪಣೆಯಿದ್ದರೆ ಅಂದೇ ಸಂಜೆ ಐದರೊಳಗೆ. ಆಗಲೇ ಮೂರಾಗಿತ್ತು.

ಜೇಬಿನಲ್ಲಿದ್ದುದು ಅವನದೇ ಪ್ರಚಾರದ ಕರಪತ್ರ, 'ಬಡತನ ನೀಗಲು ಇಪ್ಪತ್ತೊಂದು ಸೂತ್ರಗಳು'. ಅದನ್ನು ಮಗುಚಿ, ಮೆಟ್ಟಿಲ ಮೇಲೆ ಕೂತು, ಅವಳನ್ನು ಕೇಳಿ ಕೇಳಿ ಬರೆದ. ನಾಲ್ಕೇ ಸಾಲು. ಇಡೀ ಚುನಾವಣೆಯಲ್ಲಿ ಅವನು ಅಷ್ಟು ಚಿಕ್ಕದಾಗಿ ಹೇಳಿದ್ದು ಅದೊಂದೇ. ಹೆಬ್ಬೆಟ್ಟು ಒತ್ತಿಸಿಕೊಂಡ ವೆಂಕಟಗಿರಿ ಆ ಆಕ್ಷೇಪಣೆಯನ್ನು ಕಚೇರಿಗೆ ಮುಟ್ಟಿಸಲು ಸೈಕಲ್ಲೇರಿದ.

ಸೇತುರಾಮ ಕಟ್ಟಿನಿಂದ ಮುಂದಿನ ಅರ್ಜಿ ಎಳೆದುಕೊಂಡ. ಎಮ್ಮೆಯದು.

ಮುನಿತಾಯಮ್ಮ ಗಂಟು ಬಿಚ್ಚಿದಳು. ಅವನ ಬೆರಳುಗಳಿಂದ ಪೆನ್ನನ್ನು ಮೆಲ್ಲನೆ ಬಿಡಿಸಿ ಪಕ್ಕಕ್ಕಿಟ್ಟು, ಮುತ್ತುಗದೆಲೆಯ ಮೇಲಿದ್ದ ಮುದ್ದೆಯನ್ನು ಆ ಕೈಗೆ ಕೊಟ್ಟಳು.