ಅಡ್ಮಿನ್ ಎಂಬ ಹೆಸರಿನಲ್ಲಿ

ರಾಜೀನಾಮೆ ಪತ್ರಕ್ಕೆ ತಾರೀಖು ಹಾಕುವುದೊಂದು ಬಾಕಿಯಿತ್ತು. ಅದಕ್ಕೂ ಮೊದಲು ರವೀಶ್ ಮೆಷೀನುಗಳ ಪಟ್ಟಿಯನ್ನು ಕೊನೆಯ ಸಲ ತೆರೆದ. ಹನ್ನೊಂದು ಹೆಸರು. ಹನ್ನೊಂದರ ಮುಂದೆಯೂ ಹಸಿರು ಚುಕ್ಕೆ.

ಪುಟವನ್ನು ಮತ್ತೆ ಲೋಡ್ ಮಾಡಿದ. ಹಸಿರೇ.

ಅವನು ಹಿಂದೆ ನೋಡಿದ್ದಾಗ ಎಲ್ಲವೂ ಕೆಂಪಾಗಿದ್ದವು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರೂ ಊರಿನ ರಕ್ತಪರೀಕ್ಷೆಯ ಲ್ಯಾಬುಗಳ ಕಂಪ್ಯೂಟರ್ ಕೆಲಸ ಅವನದು. ರಿಪೋರ್ಟುಗಳು ಇರುತ್ತಿದ್ದುದು ಲ್ಯಾಬಿನ ಪೆಟ್ಟಿಗೆಗಳಲ್ಲಲ್ಲ, ದೂರದ ಕಂಪನಿಯೊಂದರ ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ಹನ್ನೊಂದು ವರ್ಚುವಲ್ ಮೆಷೀನುಗಳಲ್ಲಿ. ಅವಕ್ಕೆ ತಿಂಗಳಿಗೊಮ್ಮೆ ಅಪ್‌ಡೇಟ್ ಹಾಕಬೇಕು. ಹಾಕದಿದ್ದರೆ ಚುಕ್ಕೆ ಕೆಂಪಾಗುತ್ತದೆ, ಹಳೆಯ ತೂತುಗಳು ಹಾಗೇ ಉಳಿಯುತ್ತವೆ. ಆ ತೂತುಗಳ ವಿಳಾಸ ಊರಿಗೆಲ್ಲ ಗೊತ್ತಿರುತ್ತದೆ. ರವೀಶ್ ಹದಿನಾಲ್ಕು ತಿಂಗಳಿಂದ ಹಾಕಿರಲಿಲ್ಲ.

ಸೋಮಾರಿತನವಲ್ಲ, ಹೆದರಿಕೆ. ಹೋದ ವರ್ಷ ಅವನು ಹಾಕಿದ ಅಪ್‌ಡೇಟೊಂದು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಮೆಷೀನು ಮತ್ತೆ ಏಳಲಿಲ್ಲ. ಹುಲಿಕಲ್‌ನಿಂದ ಸುಡುವ ಜ್ವರದಲ್ಲಿ ಬಂದಿದ್ದ ಕನ್ನಮ್ಮ ಎಂಬ ಹೆಂಗಸಿನ ರಿಪೋರ್ಟ್ ಆರು ಗಂಟೆ ತಡವಾಯಿತು. ಕನ್ನಮ್ಮ ಬದುಕಿದಳು. ಅವನ ಧೈರ್ಯ ಬದುಕಲಿಲ್ಲ. ರೀಸ್ಟಾರ್ಟ್ ಎಂಬ ಪದ ಕಂಡರೆ ಸಾಕು, ಪುಟವನ್ನೇ ಮುಚ್ಚಿಬಿಡುತ್ತಿದ್ದ.

ಇವತ್ತು ಹನ್ನೊಂದು ಗಂಟೆಗೆ ತಪಾಸಣೆ. ಲ್ಯಾಬುಗಳ ಮಾಲೀಕ ಗಣೇಶಮೂರ್ತಿ ಮೊದಲೇ ಹೇಳಿದ್ದರು: “ಒಂದೇ ಒಂದು ಕೆಂಪು ಚುಕ್ಕೆ ಕಂಡ್ರೂ ನೀವು ಮನೆಗೆ ಹೋಗಿ ಬೆಚ್ಚಗೆ ಮಲಗಿ ಮಾರಾಯ್ರೇ, ಇಲ್ಲಿಗೆ ಬರೂದು ಬೇಡ.”

ರವೀಶ್ ಕೆಲಸದ ದಾಖಲೆ ತೆರೆದ. ಎಲ್ಲವೂ ಕಳೆದ ಗುರುವಾರ ನಡೆದಿತ್ತು. ಮೊದಲು ಪ್ರತಿ ಮೆಷೀನಿನ ಪೂರ್ತಿ ಕಾಪಿ. ಆಮೇಲೆ ಅಪ್‌ಡೇಟ್. ಆಮೇಲೆ ರೀಸ್ಟಾರ್ಟ್, ಒಂದಾದ ಮೇಲೊಂದು, ಊಟದ ಹೊತ್ತಿನಲ್ಲಿ, ಯಾವ ರಿಪೋರ್ಟೂ ತಡವಾಗದಂತೆ. ಕೆಲಸ ಬಿಟ್ಟು ಹೋದವರ ಹಳೆಯ ಲಾಗಿನ್‌ಗಳನ್ನೂ ಹುಡುಕಿ ತೆಗೆದಿದ್ದರು. ನೋಡುತ್ತ ಅವನಿಗೆ ನಾಚಿಕೆಯಾಯಿತು. ಇದು ತಾನು ಮಾಡಬೇಕಿದ್ದ ಕೆಲಸ, ತಾನು ಮಾಡಿದ್ದರೂ ಇಷ್ಟು ನಯವಾಗಿ ಆಗುತ್ತಿರಲಿಲ್ಲ.

ಮಾಡಿದವರ ಹೆಸರಿನ ಜಾಗದಲ್ಲಿ ಇದ್ದದ್ದು ಒಂದೇ ಪದ. ಅಡ್ಮಿನ್.

ಆ ಹೆಸರಿನ ಪಾಸ್‌ವರ್ಡ್ ಇದ್ದವರು ಇಬ್ಬರೇ. ಅವನು, ಮತ್ತು ತೀರ್ಥಹಳ್ಳಿ ಲ್ಯಾಬಿನ ಸ್ವಪ್ನಾ. ಕನ್ನಮ್ಮನ ವಿಷಯದಲ್ಲಿ ಎಲ್ಲರೆದುರು ಅವನಿಗೆ ಬೈದವಳು ಅವಳೇ. “ಮೆಷೀನಿಗೆ ಜೀವ ಇಲ್ಲ ರವೀಶ್, ಆ ಹೆಂಗ್ಸಿಗೆ ಇದೆ” ಎಂದಿದ್ದಳು. ಅಂದಿನಿಂದ ಇಬ್ಬರ ನಡುವೆ ವಾಟ್ಸಾಪಿನ ‘ಸರಿ’, ‘ಆಯ್ತು’ ಬಿಟ್ಟರೆ ಮಾತಿಲ್ಲ.

ಫೋನ್ ಮಾಡಿದ.

“ಪಟ್ಟಿ ನೋಡಿದೆ” ಎಂದ.

“ನಾನೂ ಈಗಷ್ಟೇ ನೋಡ್ದೆ.” ಎಂದಳು ಸ್ವಪ್ನಾ. “ಚೊಲೋ ಆಗಿದೆ. ಒಂದೂ ಬಿಟ್ಟಿಲ್ಲ.”

“ಒಂದು ಮಾತು ಹೇಳ್ಬಹುದಿತ್ತು.”

“ಎಂತ ಹೇಳೂದು ಮಾರಾಯ್ರೇ? ಮಾತೇ ಬಿಟ್ಟಿತ್ತಲ್ಲ ನಮ್ಗೆ.” ಅವಳು ನಕ್ಕಳು. ಎಷ್ಟು ದಿನವಾಗಿತ್ತು ಆ ನಗು ಕೇಳದೆ. “ಮೊದ್ಲು ತಪಾಸಣೆ ಮುಗ್ಸಿ. ಸಂಜೆ ಹೊಸನಗರದ ಲ್ಯಾಬಿಗೆ ಬರ್ತೀನಿ, ನೀವೂ ಬನ್ನಿ. ಕಾಫಿ ನಂದು.”

ರವೀಶ್ ರಾಜೀನಾಮೆ ಪತ್ರವನ್ನು ಡಿಲೀಟ್ ಮಾಡಿದ.

ತಪಾಸಣೆಗೆ ಬಂದ ಶ್ರೀಕೃಷ್ಣ ಕನ್ನಡಕವನ್ನು ಹಣೆಗೇರಿಸಿ ಹನ್ನೊಂದೂ ಮೆಷೀನುಗಳ ದಾಖಲೆಯನ್ನು ಸಾಲುಸಾಲಾಗಿ ಓದಿದರು. ಗಣೇಶಮೂರ್ತಿ ಬಾಗಿಲಲ್ಲಿ ನಿಂತು ರವೀಶನ ಮುಖ ನೋಡುತ್ತಿದ್ದರು.

“ಯಾರ್ರೀ ಮಾಡಿದ್ದು ಇದನ್ನ?” ಶ್ರೀಕೃಷ್ಣ ಕೇಳಿದರು.

“ನಮ್ಮೋರೇ ಸರ್” ಎಂದ ರವೀಶ್.

“ಹೊರಗಿನೋರಿಗೆ ಬರಲ್ಲ ಬಿಡಿ ಇದು. ಮೂಲೆ ಮೂಲೆ ತಿಳಿದೋರ ಕೈ.” ಶ್ರೀಕೃಷ್ಣ ಸಹಿ ಹಾಕಿದರು. “ಇಂಥೋರು ಸಿಕ್ಕಿದ್ರೆ ಬಿಡ್ಬೇಡಿ.”

ಗಣೇಶಮೂರ್ತಿ ಆಗಷ್ಟೇ ಬಂದವರಂತೆ ಒಳಗೆ ಬಂದರು. “ನಾನು ಹೇಳ್ಲಿಲ್ವಾ ಸರ್, ನಮ್ಮ ರವೀಶ್ ಅಂದ್ರೆ ಚಿನ್ನ!”

ಐದು ಗಂಟೆಯ ಹೊತ್ತಿಗೆ ಹೊಸನಗರದ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಬ್ಬರೂ ಕೂತಿದ್ದರು. ಕಾಫಿ ಬಂತು.

“ಥ್ಯಾಂಕ್ಸ್” ಎಂದು ಇಬ್ಬರೂ ಒಟ್ಟಿಗೇ ಅಂದರು. ನಗು ಬಂತು.

“ನೀವ್ಯಾಕೆ ನಂಗೆ ಥ್ಯಾಂಕ್ಸ್ ಹೇಳೂದು?” ರವೀಶ್ ಕೇಳಿದ.

“ಅವತ್ತು ಎಲ್ರೆದುರಿಗೆ ಬೈದಿದ್ದು ನಂಗೂ ಚುಚ್ತಾ ಇತ್ತು. ಹೆದ್ರಿಕೆ ಬಿಟ್ಟು ಹನ್ನೊಂದೂ ಮಾಡಿ ಮುಗ್ಸಿದ್ರಲ್ಲ. ಸಮಾಧಾನ ಆಯ್ತು.”

ರವೀಶನ ಲೋಟ ತುಟಿಯ ಹತ್ತಿರ ನಿಂತಿತು. “ಮಾಡಿದ್ದು ನೀವಲ್ವಾ?”

“ನಾನಾ? ಗುರುವಾರ ನಾನು ಮಂಡಗದ್ದೇಲಿ ಅಕ್ಕನ ಹೊಸ ಮನೆ ಒಕ್ಕಲಲ್ಲಿದ್ದೆ. ಬಡ್ಸೀ ಬಡ್ಸೀ ಸೊಂಟ ಬಿದ್ಹೋಗಿತ್ತು.” ಅವಳ ನಗು ಅರ್ಧಕ್ಕೆ ನಿಂತಿತು. “ರವೀಶ್. ತಮಾಷೆ ಮಾಡ್ತಿದೀರಾ?”

ಅವನು ಲ್ಯಾಪ್‌ಟಾಪ್ ತೆರೆದ. ಸ್ವಪ್ನಾ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು.

“ಆ ಕಾಪಿಗಳು ಎಲ್ಲಿವೆ ನೋಡಿ” ಎಂದಳು. ದನಿ ತಗ್ಗಿತ್ತು.

ಕಾಪಿ ಇಡುವ ಜಾಗ ಖಾಲಿಯಿತ್ತು. ಗುರುವಾರ ಮಧ್ಯಾಹ್ನವೇ ಹನ್ನೊಂದೂ ಕಾಪಿಗಳು ಅವರಿಗೆ ಗುರುತಿಲ್ಲದ ವಿಳಾಸವೊಂದಕ್ಕೆ ಹೊರಟುಹೋಗಿದ್ದವು. ಮೂರು ತಾಲ್ಲೂಕಿನ ಜನರ ಹೆಸರು, ಫೋನ್ ನಂಬರ್, ಯಾರಿಗೂ ಹೇಳದ ರೋಗ.

ಪರದೆಯ ಮೂಲೆಯಲ್ಲಿ, ಈ ಕ್ಷಣ ಅಡ್ಮಿನ್ ಹೆಸರಿನಲ್ಲಿ ಒಳಗಿರುವವರ ಸಂಖ್ಯೆ ಕಾಣುತ್ತಿತ್ತು. ಎರಡು.

“ನಿಮ್ಮದು ಆಫ್ ಮಾಡಿ” ಎಂದ ರವೀಶ್.

“ನಾನು ಲಾಗಿನ್ನೇ ಆಗಿಲ್ಲ” ಎಂದಳು ಸ್ವಪ್ನಾ.

ಹದಿನಾಲ್ಕು ತಿಂಗಳು ತೆರೆದೇ ಇದ್ದ ಬಾಗಿಲಿನಿಂದ ಒಳಹೊಕ್ಕ ಕಳ್ಳ, ತನ್ನ ಹಿಂದೆ ಇನ್ನೊಬ್ಬ ಕಳ್ಳ ಬರದಿರಲೆಂದು, ಒಳಗಿನಿಂದ ಅಗಳಿ ಹಾಕಿಕೊಂಡಿದ್ದ.